ಎಂಜಿನ್ ಎಳೆದೀತು, ಹಿಂದಿನ ಆಕ್ಸಲ್ ಹೊತ್ತೀತೇ?

ಪ್ರಶ್ನೆ: ನಾವು ಟೆಕ್ಸಾಸ್‌ನ ಡಲ್ಲಾಸ್ ಸಮೀಪ ಇದ್ದೇವೆ. ನಾನು, ನನ್ನ ಹೆಂಡತಿ, ಒಂಬತ್ತು ವರ್ಷದ ಮಗಳು. ಬರುವ ಬೇಸಿಗೆಯಲ್ಲಿ ಶಿವಮೊಗ್ಗದಿಂದ ಅಪ್ಪ, ಅಮ್ಮ ಬರುತ್ತಾರೆ. ಐವರೂ ಸೇರಿ ಮೂರು ತಿಂಗಳು ಊರೂರು ಸುತ್ತಬೇಕು, ಕೊಲೊರಾಡೊದ ಐ-70 ಹೆದ್ದಾರಿಯಲ್ಲಿ ರಾಕಿ ಪರ್ವತ ದಾಟಿ, ಯೂಟಾ ನೋಡಿಕೊಂಡು ಯೆಲ್ಲೊಸ್ಟೋನ್‌ವರೆಗೆ ಹೋಗಬೇಕು ಎಂಬ ಆಸೆ. ನಮ್ಮಲ್ಲಿ ಮುಕ್ಕಾಲು ಟನ್ ವರ್ಗದ ಡೀಸೆಲ್ ಪಿಕಪ್ ಇದೆ: ನಾಲ್ಕು ಬಾಗಿಲು, ಫೋರ್ ವೀಲ್ ಡ್ರೈವ್, ಆರೂವರೆ ಅಡಿಯ ಹಿಂದಿನ ತೊಟ್ಟಿ. ಬಾಗಿಲಿನ ಹಳದಿ ಚೀಟಿಯಲ್ಲಿ 2,350 ಪೌಂಡ್ ಎಂದಿದೆ. 35 ಅಡಿಯ ಒಂದು ಫಿಫ್ತ್ ವೀಲ್ ಟ್ರೇಲರ್, ಅಂದರೆ ಪಿಕಪ್‌ನ ತೊಟ್ಟಿಗೆ ಜೋಡಿಸಿ ಎಳೆಯುವ ಚಕ್ರದ ಮನೆ, ನೋಡಿದ್ದೇವೆ. ಅದರ ಗರಿಷ್ಠ ತೂಕ 14,000 ಪೌಂಡ್. ನಿಮ್ಮ ಗಾಡಿ 17,000 ಎಳೆಯುತ್ತದೆ, ಚಿಂತೆಯೇ ಬೇಡ ಎಂದು ಮಾರಾಟಗಾರ ಹೇಳುತ್ತಾನೆ. ತೆಗೆದುಕೊಳ್ಳಬಹುದೇ? ಪ್ರಯಾಣದಲ್ಲಿ ಅಪ್ಪ, ಅಮ್ಮ ಟ್ರೇಲರ್ ಒಳಗೆ ಮಲಗಿಕೊಂಡು ಬರಬಹುದೇ?

ಉತ್ತರ: ಎರಡಕ್ಕೂ ಬೇಡ ಎಂದೇ ಹೇಳುತ್ತೇನೆ. ಎರಡನೆಯದಕ್ಕೆ ಕಾರಣ ಚಿಕ್ಕದು, ಕೊನೆಯಲ್ಲಿ ಹೇಳುತ್ತೇನೆ. ಮೊದಲನೆಯದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ನಿಮಗೆ ಸಿಕ್ಕಿದ ಉತ್ತರ ಸುಳ್ಳಲ್ಲ. ನೀವು ಕೇಳಬೇಕಾಗಿದ್ದ ಪ್ರಶ್ನೆಗೆ ಅದು ಉತ್ತರವಲ್ಲ, ಅಷ್ಟೇ.

ನಿಮ್ಮ ಪಿಕಪ್ 17,000 ಪೌಂಡ್ ಎಳೆಯುತ್ತದೆ ಎಂಬುದು ನಿಜ. ಇಂದಿನ ದೊಡ್ಡ ಡೀಸೆಲ್ ಎಂಜಿನ್‌ಗಳ ಬಲ ಅಂಥದು. ರ‍್ಯಾಮ್‌ನ 6.7 ಲೀಟರ್ ಕಮಿನ್ಸ್ 2019ರಲ್ಲಿ 1,000 ಪೌಂಡ್-ಅಡಿ ಟಾರ್ಕ್, ಅಂದರೆ ತಿರುಗಿಸುವ ಬಲ, ಮುಟ್ಟಿದಾಗ ಅದನ್ನು ದೊಡ್ಡ ಸಾಧನೆ ಎಂದರು. 2023ರಲ್ಲಿ ಫೋರ್ಡ್ ತನ್ನ 6.7 ಲೀಟರ್ ಪವರ್ ಸ್ಟ್ರೋಕ್‌ನ ಹೆಚ್ಚು ಬಲದ ಮಾದರಿಯನ್ನು 1,200ಕ್ಕೆ ಏರಿಸಿತು. ಎಳೆಯುವ ಸಾಮರ್ಥ್ಯವನ್ನು ಕಂಪನಿಗಳು ಬಾಯಿಗೆ ಬಂದಂತೆ ಹೇಳುವುದೂ ಇಲ್ಲ. ಅದಕ್ಕೆ ಎಸ್‌ಎಇ ಜೆ2807 ಎಂಬ ಒಂದು ಮಾನದಂಡ ಇದೆ. ಅರಿಜೋನಾದಲ್ಲಿ ಡೇವಿಸ್ ಡ್ಯಾಮ್ ಏರು ಎಂಬ ರಸ್ತೆ ಇದೆ, ಸುಮಾರು 11 ಮೈಲಿಯ ದೀರ್ಘ ಏರು. ಸುಡುಬಿಸಿಲಿನಲ್ಲಿ, ಏಸಿ ಹಾಕಿಕೊಂಡು, ಟ್ರೇಲರ್ ಎಳೆಯುತ್ತಾ ಆ ಏರನ್ನು ಹತ್ತುವುದು ಆ ಪರೀಕ್ಷೆಯ ಒಂದು ಭಾಗ. ಹಿಂದೆ ಒಂಟಿ ಚಕ್ರದ ಪಿಕಪ್ ಆದರೆ ವೇಗ ಗಂಟೆಗೆ 40 ಮೈಲಿಗಿಂತ, ಜೋಡಿ ಚಕ್ರದ್ದಾದರೆ 35 ಮೈಲಿಗಿಂತ ಕೆಳಗಿಳಿಯಬಾರದು. ಎಂಜಿನ್ ಕಾಯಬಾರದು, ಗಿಯರ್‌ಬಾಕ್ಸ್ ಸೋಲಬಾರದು. ಒಳ್ಳೆಯ ಪರೀಕ್ಷೆ. ಆದರೆ ಆ ಲೆಕ್ಕದಲ್ಲಿ ಗಾಡಿಯೊಳಗೆ ಇರುವವರು ತಲಾ 150 ಪೌಂಡಿನ ಇಬ್ಬರೇ. ನಿಮ್ಮಲ್ಲಿ ಐವರು. ಅದಕ್ಕಿಂತ ಮುಖ್ಯವಾಗಿ, ಎಳೆಯುವುದು ಒಂದು ಕೆಲಸ, ಹೊರುವುದು ಇನ್ನೊಂದು. ಫಿಫ್ತ್ ವೀಲ್ ಟ್ರೇಲರ್ ನಿಮ್ಮ ಪಿಕಪ್‌ನಿಂದ ಎರಡನ್ನೂ ಕೇಳುತ್ತದೆ.

ನಮ್ಮ ಕಡೆಯ ಎತ್ತಿನ ಗಾಡಿಯನ್ನು ಒಮ್ಮೆ ನೆನೆಯಿರಿ. ಹುಲ್ಲು ಹೇರುವಾಗ ಅನುಭವಸ್ಥರು ಮೂಕಿಯನ್ನು ಕೈಯಲ್ಲಿ ಎತ್ತಿ ನೋಡುತ್ತಿದ್ದರು. ಭಾರ ಹಿಂದಕ್ಕೆ ಸರಿದಿದ್ದರೆ ಮೂಕಿ ತಾನಾಗಿ ಮೇಲೇಳುತ್ತದೆ, ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ. ಮುಂದಕ್ಕೆ ಬಂದಿದ್ದರೆ ನೊಗ ಹೆಗಲನ್ನು ಒತ್ತುತ್ತದೆ. ಎಷ್ಟು ಗಟ್ಟಿ ಎತ್ತಾದರೂ ಮೈಲಿಯೊಳಗೆ ಬಸವಳಿಯುತ್ತದೆ. ಗಾಡಿಯಲ್ಲಿ ಇರುವ ಹುಲ್ಲು ಅಷ್ಟೇ, ಎಳೆಯುವ ಎತ್ತು ಅವೇ. ನೊಗದ ಮೇಲೆ ಕೂತ ಭಾರ ಮಾತ್ರ ಬೇರೆ. ಫಿಫ್ತ್ ವೀಲ್‌ನಲ್ಲಿ ಆ ನೊಗದ ಭಾರಕ್ಕೆ ಪಿನ್ ತೂಕ ಎಂದು ಹೆಸರು.

ಹೆಸರಿನ ವಿಷಯ ಬಂದಿದ್ದರಿಂದ ಒಂದು ಮಾತು. ಐದನೆಯ ಚಕ್ರ ಎಂಬ ಈ ಹೆಸರು ಕುದುರೆ ಸಾರೋಟಿನ ಕಾಲದ್ದು. ನಾಲ್ಕು ಚಕ್ರದ ಗಾಡಿ ತಿರುಗಬೇಕಾದರೆ ಮುಂದಿನ ಅಚ್ಚು ತಿರುಗಬೇಕು. ಅದಕ್ಕಾಗಿ ಅಚ್ಚಿನ ಮೇಲೆ ಒಂದು ಬಳೆಯನ್ನು ಅಡ್ಡಲಾಗಿ ಮಲಗಿಸಿ ಕೂರಿಸುತ್ತಿದ್ದರು. ನೆಲ ಮುಟ್ಟದ ಆ ಚಕ್ರವೇ ಐದನೆಯದು. ನಮ್ಮ ಹೆದ್ದಾರಿಗಳಲ್ಲಿ ಓಡುವ ಉದ್ದನೆಯ ಟ್ರೇಲರ್ ಲಾರಿಗಳನ್ನು ಗಮನಿಸಿದ್ದರೆ, ಎಳೆಯುವ ಮುಂಭಾಗದ ಬೆನ್ನಿನ ಮೇಲೆ ಗ್ರೀಸ್ ಬಳಿದ, ಕುದುರೆ ಲಾಳದ ಆಕಾರದ ಒಂದು ತಟ್ಟೆ ಕಂಡಿರುತ್ತೀರಿ. ಅದೇ ಇದು. ಪಿಕಪ್‌ನ ತೊಟ್ಟಿಯಲ್ಲಿ ಅದರ ಚಿಕ್ಕ ರೂಪವನ್ನು ಕೂರಿಸುತ್ತಾರೆ. ಟ್ರೇಲರ್‌ನ ಮೂಗಿನಡಿ ಇಳಿಬಿದ್ದಿರುವ ಎರಡು ಅಂಗುಲ ದಪ್ಪದ ಉಕ್ಕಿನ ಗೂಟ, ಅಂದರೆ ಕಿಂಗ್‌ಪಿನ್, ಅದರ ದವಡೆಯೊಳಗೆ ಬಂದು ಕೂರುತ್ತದೆ.

ಈ ಜೋಡಣೆಯಲ್ಲಿ ಒಂದು ದೊಡ್ಡ ಗುಣ ಇದೆ. ಬಂಪರಿನ ಹಿಂದೆ ಉಕ್ಕಿನ ಗುಂಡಿನ ಮೇಲೆ ಸಿಕ್ಕಿಸುವ ಬಂಪರ್ ಟ್ರೇಲರ್‌ಗಳಲ್ಲಿ ಭಾರ ಹಿಂದಿನ ಆಕ್ಸಲ್‌ನಿಂದ, ಅಂದರೆ ಹಿಂದಿನ ಚಕ್ರಗಳ ಅಚ್ಚಿನಿಂದ, ನಾಲ್ಕೈದು ಅಡಿ ಆಚೆ ಬೀಳುತ್ತದೆ. ಟ್ರೇಲರ್ ಅಡ್ಡಾಡಿದರೆ ಆ ನಾಲ್ಕೈದು ಅಡಿಯೇ ಸನ್ನೆಗೋಲಾಗಿ ಪಿಕಪ್‌ನ ಬಾಲವನ್ನು ಅಲ್ಲಾಡಿಸುತ್ತದೆ. ಫಿಫ್ತ್ ವೀಲ್‌ನಲ್ಲಿ ಕಿಂಗ್‌ಪಿನ್ ಹಿಂದಿನ ಆಕ್ಸಲ್‌ಗೆ ನೇರವಾಗಿ ಮೇಲೆ, ಅಥವಾ ಎರಡು ಅಂಗುಲ ಮುಂದೆ ಇರುತ್ತದೆ. ಸನ್ನೆಗೋಲೇ ಇಲ್ಲ. ಅಡ್ಡಗಾಳಿಗೆ, ಪಕ್ಕದಲ್ಲಿ ಧಾವಿಸುವ ಲಾರಿಯ ಸೆಳೆತಕ್ಕೆ ಅದು ಜಗ್ಗುವುದು ಬಹಳ ಕಡಿಮೆ. ಆದ್ದರಿಂದ ನೀವು ಫಿಫ್ತ್ ವೀಲ್ ಬಯಸಿದ್ದು ತಪ್ಪಲ್ಲ, ದೂರದ ಪ್ರಯಾಣಕ್ಕೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಆ ಸ್ಥಿರತೆಗೆ ಕೊಡುವ ಬೆಲೆ ಪಿನ್ ತೂಕ. ಬಂಪರ್ ಟ್ರೇಲರ್ ತನ್ನ ತೂಕದ ನೂರಕ್ಕೆ 10ರಿಂದ 15 ಪಾಲನ್ನು ಎಳೆಯುವ ಗಾಡಿಯ ಮೇಲೆ ಇಡುತ್ತದೆ. ಫಿಫ್ತ್ ವೀಲ್ 15ರಿಂದ 25 ಪಾಲು ಇಡುತ್ತದೆ; ತುಂಬಿದ ಮನೆಗಳಲ್ಲಿ ಸಾಮಾನ್ಯವಾಗಿ 20ಕ್ಕೆ ಸ್ವಲ್ಪ ಮೇಲೆ.

ಈಗ ನಿಮ್ಮ ಲೆಕ್ಕ ಮಾಡೋಣ. ಹಳದಿ ಚೀಟಿಯ 2,350 ಪೌಂಡ್ ಎಂದರೆ, ಡೀಸೆಲ್ ತುಂಬಿದ ಖಾಲಿ ಗಾಡಿಯ ಮೇಲೆ ನೀವು ಹೇರಬಹುದಾದ ಎಲ್ಲವೂ ಸೇರಿ ಅಷ್ಟು. ಓಡಿಸುವವರ ತೂಕವೂ ಅದರೊಳಗೇ. ಐವರಿಗೆ, ಮಗುವನ್ನೂ ಸೇರಿಸಿ, 640 ಪೌಂಡ್ ಎಂದು ಇಟ್ಟುಕೊಳ್ಳುತ್ತೇನೆ. ತೊಟ್ಟಿಯಲ್ಲಿ ಕೂರಿಸುವ ಹಿಚ್, ಅಂದರೆ ಆ ಜೋಡಣೆಯ ತಟ್ಟೆ, ಒಂದೇ 150. ಉಪಕರಣದ ಪೆಟ್ಟಿಗೆ, ಚಕ್ರಕ್ಕೆ ಕೊಡುವ ಅಡೆಗಳು, ಮರದ ತುಂಡುಗಳು, ಕುಡಿಯುವ ನೀರು, ತಿಂಡಿಯ ಚೀಲಗಳಿಗೆ 160. ಒಟ್ಟು 950. ಉಳಿದದ್ದು 1,400 ಪೌಂಡ್. ಪಿನ್ ತೂಕಕ್ಕೆ ನಿಮ್ಮಲ್ಲಿ ಇರುವುದು ಇಷ್ಟೇ. ನೂರಕ್ಕೆ 20ರಂತೆ ಹಿಂದಕ್ಕೆ ಎಣಿಸಿದರೆ ತುಂಬಿದ ಟ್ರೇಲರ್ 7,000 ಪೌಂಡ್ ಮೀರಬಾರದು.

ನೀವು ನೋಡಿರುವ ಟ್ರೇಲರ್ ಮೂರು ತಿಂಗಳ ಸಂಸಾರ ತುಂಬಿಕೊಂಡು 13,500 ಪೌಂಡಿನ ಆಸುಪಾಸು ಬಂದು ನಿಲ್ಲುತ್ತದೆ. ಅದರ ಪಿನ್ ತೂಕ ಸುಮಾರು 2,800. ನಿಮಗೆ ಇರುವ ಜಾಗದ ಸರಿಯಾಗಿ ಎರಡರಷ್ಟು! ಪಿಕಪ್‌ನ ಒಟ್ಟು ತೂಕ 11,400ಕ್ಕೆ ಹೋಗುತ್ತದೆ; ನಿಮ್ಮ ವರ್ಗದ ಪಿಕಪ್‌ಗಳಲ್ಲಿ ಬಾಗಿಲ ಕಂಬದ ಮೇಲೆ ಮುದ್ರಿಸಿರುವ ಮಿತಿ ಬಹುಮಟ್ಟಿಗೆ 10,000. ಅಂದರೆ 1,400 ಪೌಂಡ್ ಅಧಿಕ, ನಮ್ಮ ಲೆಕ್ಕದಲ್ಲಿ 630 ಕಿಲೋಗೂ ಮಿಕ್ಕಿ. ಎಳೆಯುವ ಸಾಮರ್ಥ್ಯದಲ್ಲಿ ಮೂರೂವರೆ ಸಾವಿರ ಪೌಂಡ್ ಉಳಿದಿರುವಾಗಲೇ ಹೊರುವ ಸಾಮರ್ಥ್ಯ ಎಂದೋ ಮುಗಿದುಹೋಗಿದೆ.

ಇದು ನಿಮ್ಮೊಬ್ಬರ ಗಾಡಿಯ ಕೊರತೆಯಲ್ಲ. ಮುಕ್ಕಾಲು ಟನ್ ವರ್ಗದ ಡೀಸೆಲ್ ಪಿಕಪ್‌ಗಳಲ್ಲಿ ಇದು ಹುಟ್ಟಿನಿಂದ ಬಂದ ಇಕ್ಕಟ್ಟು. ಡೀಸೆಲ್ ಎಂಜಿನ್ ಪೆಟ್ರೋಲ್ ಎಂಜಿನ್‌ಗಿಂತ ನೂರಾರು ಪೌಂಡ್ ಭಾರ. ಒಟ್ಟು ತೂಕದ ಮಿತಿ ಒಂದೇ ಆಗಿರುವಾಗ ಆ ಭಾರ ನಿಮ್ಮ ಹೇರಿನ ಪಾಲಿನಿಂದಲೇ ಕಳೆದುಹೋಗುತ್ತದೆ. ಚರ್ಮದ ಸೀಟು, ಗಾಜಿನ ಚಾವಣಿ, ಫೋರ್ ವೀಲ್ ಡ್ರೈವ್, ಎಲ್ಲವೂ ಅದರಿಂದಲೇ ಕಿತ್ತುಕೊಳ್ಳುತ್ತವೆ. ಅದೇ ಅಂಗಡಿಯಲ್ಲಿ ಪಕ್ಕಪಕ್ಕ ನಿಂತ ಎರಡು ಪಿಕಪ್‌ಗಳ ಚೀಟಿಯಲ್ಲಿ ಐನೂರು ಪೌಂಡ್ ವ್ಯತ್ಯಾಸ ಕಂಡರೂ ಅಚ್ಚರಿಯಿಲ್ಲ. ಆದ್ದರಿಂದ ಕರಪತ್ರದ ಸಂಖ್ಯೆಗೆ ನಾನು ಬೆಲೆ ಕೊಡುವುದಿಲ್ಲ, ನೀವು ಕೊಳ್ಳುವ ಆ ಒಂದು ಗಾಡಿಯ ಬಾಗಿಲು ತೆಗೆದು ಓದಿ. ಒಟ್ಟು ತೂಕದ ಮಿತಿ 10,000 ಪೌಂಡ್ ದಾಟಿದ ಗಾಡಿಗಳಿಗೆ ಆ ಹಳದಿ ಚೀಟಿ ಕಡ್ಡಾಯವಲ್ಲ. ಅಂಥವುಗಳಲ್ಲಿ ಮಿತಿಯಿಂದ ಗಾಡಿಯ ನಿಜ ತೂಕವನ್ನು ನೀವೇ ಕಳೆಯಬೇಕಾಗುತ್ತದೆ.

ಟ್ರೇಲರ್‌ನ ಕರಪತ್ರದಲ್ಲಿ ಪಿನ್ ತೂಕ 2,200 ಎಂದೋ ಏನೋ ಬರೆದಿರುತ್ತದೆ. ಅದು ಕಾರ್ಖಾನೆಯಿಂದ ಹೊರಬಿದ್ದ ಖಾಲಿ ಮನೆಯ ಲೆಕ್ಕ. ಬ್ಯಾಟರಿ, ತುಂಬಿದ ಗ್ಯಾಸ್ ಸಿಲಿಂಡರ್, ಬಟ್ಟೆ ಒಗೆಯುವ ಯಂತ್ರ, ಅಕ್ಕಿ ಬೇಳೆ ಯಾವುದೂ ಅದರಲ್ಲಿಲ್ಲ. ಫಿಫ್ತ್ ವೀಲ್‌ಗಳಲ್ಲಿ ಮಲಗುವ ಕೋಣೆಯೂ ಸಾಮಾನಿನ ದೊಡ್ಡ ಗೂಡೂ ಮುಂಭಾಗದಲ್ಲೇ ಇರುವುದರಿಂದ ನೀವು ತುಂಬುವ ಬಹುಪಾಲು ವಸ್ತುಗಳು ನೇರ ಪಿನ್ ಮೇಲೆ ಹೋಗಿ ಕೂರುತ್ತವೆ. 60 ಗ್ಯಾಲನ್ ನೀರಿನ ತೊಟ್ಟಿ ತುಂಬಿದರೆ 500 ಪೌಂಡ್. ಆ ತೊಟ್ಟಿ ಚಕ್ರಗಳ ಮುಂದಿದೆಯೋ ಹಿಂದಿದೆಯೋ ಎಂಬುದನ್ನು ಕೊಳ್ಳುವ ಮುಂಚೆ ಬಗ್ಗಿ ನೋಡಿ.

ಇಲ್ಲಿ ಕೆಲವರು ಒಂದು ವಾದ ಮಾಡುತ್ತಾರೆ, ನಿಮ್ಮ ಕಿವಿಗೂ ಬಿದ್ದೀತು: ಒಟ್ಟು ತೂಕದ ಮಿತಿ ಕಾಗದದ ಲೆಕ್ಕ, ಆಕ್ಸಲ್ ಮತ್ತು ಟೈರುಗಳ ಮಿತಿ ದಾಟದಿದ್ದರೆ ಸಾಕು ಎಂದು. ಅದರಲ್ಲಿ ಸತ್ಯಾಂಶ ಇದೆ. ಎಲ್‌ಟಿ275/70ಆರ್18 ಅಳತೆಯ, ಇ ಶ್ರೇಣಿಯ ಟೈರು 80 ಪಿಎಸ್‌ಐ ಗಾಳಿಯಲ್ಲಿ ಸುಮಾರು 3,640 ಪೌಂಡ್ ಹೊರುತ್ತದೆ. ಎರಡಕ್ಕೆ 7,280. ನಿಮ್ಮ ಹಿಂದಿನ ಆಕ್ಸಲ್ ಮೇಲೆ ಅದಕ್ಕಿಂತ ಕಡಿಮೆಯೇ ಬರಬಹುದು. ಆದರೆ ಗಾಡಿ ಎಂದರೆ ಟೈರು, ಆಕ್ಸಲ್ ಮಾತ್ರವಲ್ಲ. ಬ್ರೇಕು, ಚೌಕಟ್ಟು, ಸ್ಪ್ರಿಂಗು, ಸ್ಟೀರಿಂಗು ಎಲ್ಲವನ್ನೂ ಒಟ್ಟಿಗೆ ನೋಡಿ ತಯಾರಕರು ಹಾಕಿದ ಗೆರೆ ಅದು. ಹತ್ತಿಪ್ಪತ್ತು ಪೌಂಡ್ ಮೀರಿದರೆ ನಾನು ತಕರಾರು ಮಾಡುತ್ತಿರಲಿಲ್ಲ. ಹೊರಬಹುದಾದ ಪಿನ್ ತೂಕದ ಇಮ್ಮಡಿ ಹೊರಿಸಿ, ವಯಸ್ಸಾದ ತಂದೆತಾಯಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ರಾಕಿ ಪರ್ವತ ಇಳಿಯುವುದಕ್ಕೆ ನಾನು ಹೂಂ ಎನ್ನಲಾರೆ. ಹಿಂದಿನ ಸ್ಪ್ರಿಂಗಿಗೆ ಗಾಳಿಚೀಲ ಹಾಕಿಸಿದರೆ ಸರಿಹೋಗುತ್ತದೆ ಎಂದೂ ಹೇಳುತ್ತಾರೆ. ಗಾಳಿಚೀಲ ಕುಗ್ಗಿದ ಬೆನ್ನನ್ನು ಮಟ್ಟಸವಾಗಿ ಎತ್ತಿ ನಿಲ್ಲಿಸುತ್ತದೆ. ಬಾಗಿಲಿನ ಮೇಲಿನ ಅಂಕಿಯನ್ನು ಒಂದು ಪೌಂಡೂ ಏರಿಸುವುದಿಲ್ಲ. ಕುಗ್ಗಿದ್ದು ಕಾಣದಂತೆ ಆಗುವುದರಿಂದ ಅಪಾಯವನ್ನೇ ಮರೆಸುತ್ತದೆ ಎಂಬುದು ನನ್ನ ಅನಿಸಿಕೆ.

ಹಾಗಾದರೆ ದಾರಿ ಯಾವುದು? ನಿಮ್ಮ ಪಿಕಪ್ ಇಟ್ಟುಕೊಳ್ಳುವುದಾದರೆ ಫಿಫ್ತ್ ವೀಲ್ ಆಸೆ ಬಿಟ್ಟು, ತುಂಬಿದಾಗ 9,000 ಪೌಂಡಿನೊಳಗೆ ನಿಲ್ಲುವ ಬಂಪರ್ ಟ್ರೇಲರ್ ನೋಡಿ. ನೂರಕ್ಕೆ 12ರಂತೆ ನೊಗದ ಭಾರ 1,100ರ ಹತ್ತಿರ ಬರುತ್ತದೆ, ನಿಮ್ಮ 1,400ರೊಳಗೆ ಕೂರುತ್ತದೆ. ಭಾರವನ್ನು ಮುಂದಿನ ಆಕ್ಸಲ್‌ಗೂ ಹಂಚುವ, ಅಡ್ಡಾಟ ತಡೆಯುವ ಹಿಚ್ ಮಾತ್ರ ಕಡ್ಡಾಯವಾಗಿ ಇರಲಿ. ಹಿಂದಿನ ಮೂಲೆಯಲ್ಲಿ ಮಕ್ಕಳ ಅಟ್ಟಣಿಗೆ ಮಂಚ ಇರುವ ಮಾದರಿಗಳಲ್ಲಿ ಐವರು ಮೂರು ತಿಂಗಳು ಇರಬಹುದು. ಇಕ್ಕಟ್ಟಾಗುತ್ತದೆ, ಆದರೆ ಆಗುತ್ತದೆ.

ಆ 35 ಅಡಿಯ ಮನೆಯೇ ಬೇಕು ಎಂದಾದರೆ ಬದಲಾಗಬೇಕಾದ್ದು ಪಿಕಪ್. ಒಂದು ಟನ್ ವರ್ಗ ಎನ್ನುತ್ತಾರೆ, ಫೋರ್ಡ್‌ನಲ್ಲಿ ಎಫ್-350, ರ‍್ಯಾಮ್ ಮತ್ತು ಶೆವರ್ಲೆಯಲ್ಲಿ 3500. ಟನ್ನಿನ ಈ ಹೆಸರುಗಳು ಹಳೆಯ ಕಾಲದ ಹೇರಿನ ಲೆಕ್ಕ, ಈಗ ಕೇವಲ ಗುರುತು. ಅದರಲ್ಲಿ ಒಂಟಿ ಚಕ್ರದ ಡೀಸೆಲ್ ಗಾಡಿಗಳು ಸುಮಾರು 3,500ರಿಂದ 4,000 ಪೌಂಡ್ ಹೊರುತ್ತವೆ. ನಿಮ್ಮ ಬೇಡಿಕೆ 2,800ಕ್ಕೆ 950 ಸೇರಿಸಿದರೆ 3,750. ಗಡಿಯ ಮೇಲೇ ನಿಂತ ಹಾಗೆ. ನನ್ನನ್ನು ಕೇಳಿದರೆ ಹಿಂದೆ ನಾಲ್ಕು ಚಕ್ರ ಇರುವ ಡ್ಯುಯಲಿ. ಐದು ಸಾವಿರಕ್ಕೂ ಹೆಚ್ಚು ಪೌಂಡ್ ಹೊರುವುದು ಒಂದು ಲಾಭ. ಹಿಂದಿನ ಒಂದು ಟೈರು ಸಿಡಿದರೂ ಪಕ್ಕದ್ದು ಗಾಡಿಯನ್ನು ಹಿಡಿದುಕೊಳ್ಳುವುದು ಅದಕ್ಕಿಂತ ದೊಡ್ಡ ಲಾಭ. ಪೇಟೆಯೊಳಗೆ ನಿಲ್ಲಿಸುವುದು ಕಷ್ಟ ಎನ್ನುವುದನ್ನು ಒಪ್ಪುತ್ತೇನೆ.

ಆ ದಾರಿ ಹಿಡಿದರೆ ನಿಮ್ಮ ಲೈಸೆನ್ಸ್ ನೋಡಿಕೊಳ್ಳಿ. ಎಳೆಯುವ ಗಾಡಿ ಮತ್ತು ಟ್ರೇಲರ್ ಸೇರಿದ ತೂಕದ ಮಿತಿ 26,001 ಪೌಂಡ್ ಅಥವಾ ಹೆಚ್ಚಾಗಿ, ಟ್ರೇಲರ್‌ನದೇ ಮಿತಿ 10,000 ದಾಟಿದ್ದರೆ ಟೆಕ್ಸಾಸ್‌ನಲ್ಲಿ ವಾಣಿಜ್ಯೇತರ ಎ ದರ್ಜೆಯ ಲೈಸೆನ್ಸ್ ಬೇಕು. ನಿಮ್ಮ ಈಗಿನ ಗಾಡಿಗೆ 10,000 ಮತ್ತು 14,000 ಸೇರಿ 24,000, ಬೇಕಾಗುವುದಿಲ್ಲ. 14,000 ಮಿತಿಯ ಡ್ಯುಯಲಿ ತಂದರೆ 28,000, ಬೇಕಾಗುತ್ತದೆ. ಮಾರಾಟದ ಮೇಜಿನಲ್ಲಿ ಇದನ್ನು ಯಾರೂ ಎತ್ತಿದ್ದನ್ನು ನಾನು ಕಂಡಿಲ್ಲ.

ಆರೂವರೆ ಅಡಿಯ ತೊಟ್ಟಿಯ ಬಗ್ಗೆಯೂ ಎಚ್ಚರ ಇರಲಿ. ಎಂಟು ಅಡಿಯ ತೊಟ್ಟಿಯಲ್ಲಿ ಕಿಂಗ್‌ಪಿನ್‌ಗೂ ಕ್ಯಾಬಿನ್‌ಗೂ ನಡುವೆ ಸಾಕಷ್ಟು ಅಂತರ ಸಿಗುತ್ತದೆ. ಚಿಕ್ಕ ತೊಟ್ಟಿಯಲ್ಲಿ ಕ್ಯಾಂಪಿನ ಇಕ್ಕಟ್ಟಾದ ತಿರುವಿನಲ್ಲಿ ಹಿಂದಕ್ಕೆ ಸರಿಯುವಾಗ ಟ್ರೇಲರ್‌ನ ಮೂಗಿನ ಮೂಲೆ ಬಂದು ಪಿಕಪ್‌ನ ಹಿಂದಿನ ಗಾಜಿಗೇ ಬಡಿಯಬಹುದು. ತಿರುವಿನಲ್ಲಿ ಹಿಂದಕ್ಕೆ ಜಾರುವ ಹಿಚ್‌ಗಳಿವೆ. ಟ್ರೇಲರ್ ತಯಾರಕರು ಮೂಗಿನ ಮೂಲೆಗಳನ್ನು ಕತ್ತರಿಸಿಯೂ ಕೊಡುತ್ತಾರೆ. ಹೊಸ ಪಿಕಪ್ ತೆಗೆದುಕೊಳ್ಳುವುದೇ ಆದರೆ ಎಂಟಡಿಯದನ್ನೇ ತೆಗೆದುಕೊಳ್ಳಿ. ಟ್ರೇಲರ್‌ನ ಹೊಟ್ಟೆಗೂ ತೊಟ್ಟಿಯ ಅಂಚಿಗೂ ನಡುವೆ ಆರು ಅಂಗುಲ ಬಿಡುವು ಇರಬೇಕು. ತಗ್ಗಿನಿಂದ ರಸ್ತೆಗೆ ಏರುವಾಗ ಅದರ ಬೆಲೆ ತಿಳಿಯುತ್ತದೆ.

ಜೋಡಿಸುವ ಕೆಲಸವನ್ನು ಅವಸರದಲ್ಲಿ ಮಾಡಬಾರದು ಎಂಬುದನ್ನು ನಾನು ಕಲಿತದ್ದು ಒಕ್ಲಹೋಮದ ಒಂದು ಕ್ಯಾಂಪಿನಲ್ಲಿ. ಮಳೆ ಬರುವ ಹಾಗಿತ್ತು. ಹಿಂದಕ್ಕೆ ಬಂದೆ, ಕಿಂಗ್‌ಪಿನ್ ಟಕ್ ಎಂದಿತು, ದವಡೆ ಮುಚ್ಚಿದೆ ಎಂದುಕೊಂಡು ಟ್ರೇಲರ್‌ನ ಕಾಲುಗಳನ್ನು ಪೂರ್ತಿ ಮೇಲೆತ್ತಿ ಹೊರಟೆ. ಟ್ರೇಲರ್‌ನ ಮೂಗು ಬೇಕಾದ್ದಕ್ಕಿಂತ ಒಂದು ಅಂಗುಲ ಎತ್ತರದಲ್ಲಿತ್ತು. ಪಿನ್ ದವಡೆಯೊಳಗೆ ಹೋಗದೆ ಅದರ ಮೇಲೆ ಕೂತಿತ್ತು. ಪಿಕಪ್ ಮುಂದೆ ಹೋಯಿತು, ಹನ್ನೊಂದು ಸಾವಿರ ಪೌಂಡಿನ ಮನೆಯ ಮೂಗು ತೊಟ್ಟಿಯ ಎರಡೂ ಅಂಚುಗಳ ಮೇಲೆ ಕುಸಿಯಿತು. ಆ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಎರಡು ನಿಮಿಷ ಮುಂಚೆ ನನ್ನ ಮಗ ಆ ಅಂಚಿನ ಮೇಲೆ ಕೈಯಿಟ್ಟು ನಿಂತಿದ್ದ.

ಅಂದಿನಿಂದ ನನ್ನ ಕ್ರಮ ಬದಲಾಗಿಲ್ಲ. ಮೊದಲು ಟ್ರೇಲರ್ ಚಕ್ರಗಳಿಗೆ ಎರಡೂ ಕಡೆ ಅಡೆ. ಅದರ ಮೂಗನ್ನು ಹಿಚ್ ತಟ್ಟೆಗಿಂತ ಒಂದಿಷ್ಟು ಕೆಳಗಿಳಿಸಿ, ಹಿಂದಕ್ಕೆ ಬರುವಾಗ ತಟ್ಟೆಯೇ ಟ್ರೇಲರನ್ನು ಕೊಂಚ ಎತ್ತಿಕೊಳ್ಳುವಂತೆ. ದವಡೆ ಮುಚ್ಚಿದ ಮೇಲೆ ಟಾರ್ಚ್ ಹಿಡಿದು ಬಗ್ಗಿ, ಪಿನ್ನಿನ ಕತ್ತನ್ನು ದವಡೆ ಸುತ್ತ ಅಪ್ಪಿಕೊಂಡಿದೆಯೇ ಎಂದು ಕಣ್ಣಿನಿಂದ ನೋಡಬೇಕು; ಕಿವಿಯನ್ನು ನಂಬಬಾರದು. ಹಿಡಿಗೆ ಬೀಗದ ಕಡ್ಡಿ ಹಾಕಿ, ಏಳು ತಂತಿಯ ವಿದ್ಯುತ್ ಕೊಂಡಿ, ಟ್ರೇಲರ್ ಕಳಚಿದರೆ ತಾನಾಗಿ ಬ್ರೇಕ್ ಹಿಡಿಸುವ ತುರ್ತು ತಂತಿ ಎರಡನ್ನೂ ಸಿಕ್ಕಿಸಿ. ಕಾಲುಗಳನ್ನು ನೆಲದಿಂದ ಒಂದೇ ಅಂಗುಲ ಎತ್ತಿ. ಈಗ ಒಳಗೆ ಕೂತು, ಟ್ರೇಲರ್ ಬ್ರೇಕನ್ನು ಮಾತ್ರ ಕೈಯಿಂದ ಒತ್ತಿ ಹಿಡಿದು, ಪಿಕಪ್ಪನ್ನು ಮೆಲ್ಲನೆ ಮುಂದಕ್ಕೆ ಎಳೆದು ನೋಡಿ. ಜೋಡಣೆ ಸರಿಯಿದ್ದರೆ ಗಾಡಿ ಜಗ್ಗಿ ನಿಲ್ಲುತ್ತದೆ. ತಪ್ಪಿದ್ದರೆ ಟ್ರೇಲರ್ ಬೀಳುವುದು ಒಂದು ಅಂಗುಲ ಮಾತ್ರ, ತನ್ನದೇ ಕಾಲಿನ ಮೇಲೆ. ಇಷ್ಟಾದ ಮೇಲೆ ಕಾಲು ಪೂರ್ತಿ ಎತ್ತಿ, ಅಡೆ ತೆಗೆಯಿರಿ. ಬಿಚ್ಚುವಾಗಲೂ ಮೊದಲ ಕೆಲಸ ಅಡೆಯದೇ. ಈ ಹೊತ್ತಿನಲ್ಲಿ ಯಾರಾದರೂ ಬಂದು ಮಾತಿಗೆಳೆದರೆ ನಿಲ್ಲಿಸಿ, ಮಾತು ಮುಗಿದ ಮೇಲೆ ಮೊದಲಿನಿಂದ ಶುರುಮಾಡಿ.

ಇನ್ನು ಐ-70. ಡೆನ್ವರ್‌ನಿಂದ ಪಶ್ಚಿಮಕ್ಕೆ ಏರಿ ಐಸೆನ್‌ಹೋವರ್ ಸುರಂಗದ ಪಶ್ಚಿಮ ಬಾಯಿಯಲ್ಲಿ ಹೊರಬಂದಾಗ ನೀವು 11,158 ಅಡಿ ಎತ್ತರದಲ್ಲಿರುತ್ತೀರಿ. ಏರಿನ ಬಗ್ಗೆ ನನಗೆ ಚಿಂತೆಯಿಲ್ಲ. ತೆಳುಗಾಳಿಯಲ್ಲೂ ಟರ್ಬೊ ಡೀಸೆಲ್ ಎಂಜಿನ್ ಗಾಳಿಯನ್ನು ಒತ್ತಿ ತುಂಬಿಕೊಳ್ಳುವುದರಿಂದ ಸಾಮಾನ್ಯ ಪೆಟ್ರೋಲ್ ಎಂಜಿನ್ನಿನ ಹಾಗೆ ಸೊರಗುವುದಿಲ್ಲ. ನಿಧಾನವಾಗಿ ಬಲಬದಿಯಲ್ಲಿ ಹತ್ತಿ. ಚಿಂತೆ ಇಳಿಯುವುದರದು. ಸುರಂಗದಿಂದ ಸಿಲ್ವರ್‌ಥೋರ್ನ್‌ವರೆಗೆ ಸುಮಾರು ಎಂಟು ಮೈಲಿಯಲ್ಲಿ ರಸ್ತೆ ಸುಮಾರು 2,000 ಅಡಿ ಇಳಿಯುತ್ತದೆ. ಪಿಕಪ್ ಮತ್ತು ಟ್ರೇಲರ್ ಸೇರಿ ಹತ್ತು ಸಾವಿರ ಕಿಲೋ ಎಂದುಕೊಳ್ಳಿ. ಅಷ್ಟು ತೂಕ ಅಷ್ಟು ಇಳಿಯುವಾಗ ಹೊಮ್ಮುವ ಶಕ್ತಿಯೆಲ್ಲ ಶಾಖವಾದರೆ 20 ಡಿಗ್ರಿಯ ಸುಮಾರು 180 ಲೀಟರ್ ನೀರನ್ನು 100 ಡಿಗ್ರಿಗೆ ಕಾಯಿಸಬಹುದು. ನಮ್ಮ ಬಚ್ಚಲುಮನೆಯ ಎರಡು ಮೂರು ಹಂಡೆ ನೀರು, ಕೆಲವೇ ನಿಮಿಷಗಳಲ್ಲಿ. ಒಂದು ಪಾಲನ್ನು ಗಾಳಿಯ ತಡೆ ನುಂಗುತ್ತದೆ. ಮಿಕ್ಕದ್ದು ಎಲ್ಲಿಗಾದರೂ ಹೋಗಲೇಬೇಕು. ಕಾಲು ಬ್ರೇಕಿನ ಮೇಲೆಯೇ ಇದ್ದರೆ ಎಲ್ಲವೂ ಬ್ರೇಕಿಗೇ. ಹೆಚ್ಚಿನ ಟ್ರೇಲರ್‌ಗಳಲ್ಲಿ ಇರುವುದು ವಿದ್ಯುತ್ ಡ್ರಮ್ ಬ್ರೇಕು. ಕಾದ ಡ್ರಮ್ ಹಿಗ್ಗಿ ಬ್ರೇಕ್ ಪಟ್ಟಿಯಿಂದ ದೂರ ಸರಿಯುತ್ತದೆ, ಪಟ್ಟಿಯ ಹಿಡಿತವೂ ಬಿಸಿಗೆ ಸಡಿಲುತ್ತದೆ. ಒತ್ತಿದಷ್ಟೂ ಹಿಡಿಯುವುದಿಲ್ಲ.

ಶಿರಾಡಿ ಘಾಟಿಯಲ್ಲಿ ಹಳೆಯ ಲಾರಿ ಚಾಲಕರು ಹೇಳುವ ಮಾತು ಇಲ್ಲಿಗೂ ಸಲ್ಲುತ್ತದೆ: ಹತ್ತುವ ಗಿಯರಿನಲ್ಲೇ ಇಳಿ. ಆದರೆ ಡೀಸೆಲ್‌ನಲ್ಲಿ ಗಿಯರ್ ಇಳಿಸಿದರೆ ಮಾತ್ರ ಸಾಲದು. ಪೆಟ್ರೋಲ್ ಎಂಜಿನ್‌ನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಗಾಳಿಯ ದಾರಿಯೇ ಮುಚ್ಚಿಕೊಂಡು ಎಂಜಿನ್ ಗಾಡಿಯನ್ನು ಹಿಡಿದೆಳೆಯುತ್ತದೆ. ಡೀಸೆಲ್‌ನಲ್ಲಿ ಹಾಗೆ ಗಾಳಿ ಕಟ್ಟುವ ಏರ್ಪಾಡಿಲ್ಲ, ಕಾಲೆತ್ತಿದರೆ ಅದು ಸುಮ್ಮನೆ ಉರುಳುತ್ತದೆ. ಅದಕ್ಕಾಗಿಯೇ ಎಕ್ಸಾಸ್ಟ್ ಬ್ರೇಕ್. ಟರ್ಬೊದೊಳಗಿನ ರೆಕ್ಕೆಗಳು ಕಿರಿದಾಗಿ ಹೊಗೆಯ ದಾರಿಯನ್ನು ಕಟ್ಟುತ್ತವೆ. ಎಂಜಿನ್ ಆ ಒತ್ತಡದ ವಿರುದ್ಧ ತಳ್ಳುತ್ತಾ ತಾನೇ ಬ್ರೇಕಾಗುತ್ತದೆ, ಶಾಖವೆಲ್ಲ ಹೊಗೆ ಕೊಳವೆಯಿಂದ ಹೊರಗೆ. ಸುರಂಗದಿಂದ ಹೊರಬರುವ ಮೊದಲೇ ವೇಗವನ್ನು ಗಂಟೆಗೆ 45 ಮೈಲಿಗೆ ತಂದು, ಭಾರ ಎಳೆಯುವಾಗ ಗಿಯರ್ ತಗ್ಗಿಸಿ ಹಿಡಿಯುವ ಟೋ-ಹಾಲ್ ಗುಂಡಿ ಮತ್ತು ಎಕ್ಸಾಸ್ಟ್ ಬ್ರೇಕ್ ಎರಡನ್ನೂ ಹಾಕಿಕೊಳ್ಳಿ. ಇಳಿಯಲು ಶುರುವಾದ ಮೇಲೆ ವೇಗ ತಗ್ಗಿಸುತ್ತೇನೆ ಎಂದರೆ ತಡವಾಗಿರುತ್ತದೆ. ಅಷ್ಟಾದರೂ ವೇಗ ಏರಿದರೆ ಬ್ರೇಕನ್ನು ಗಟ್ಟಿಯಾಗಿ ಒತ್ತಿ, ವೇಗವನ್ನು ಗಂಟೆಗೆ ಐದು ಮೈಲಿಯಷ್ಟು ತಗ್ಗಿಸಿ ಪೂರ್ತಿ ಬಿಟ್ಟುಬಿಡಿ, ಮತ್ತೆ ಏರಿದಾಗ ಮತ್ತೆ ಒತ್ತಿ. ಹಗುರವಾಗಿ ಒತ್ತಿಕೊಂಡೇ ಇರುವುದು ಬ್ರೇಕನ್ನು ಬೇಯಿಸುವ ವಿಧಾನ. ಬದಿಯಲ್ಲಿ ಜಲ್ಲಿ ತುಂಬಿದ ಏರುದಾರಿಗಳು ಕಾಣುತ್ತವೆ, ಬ್ರೇಕ್ ಕಳೆದುಕೊಂಡ ಗಾಡಿಗಳಿಗೆಂದೇ ಮಾಡಿದವು. ನಿಮಗೂ ಹಾಗಾದರೆ ಗಾಡಿ ಹಾಳಾದೀತು ಎಂದು ಯೋಚಿಸದೆ ಅದರೊಳಗೆ ನುಗ್ಗಿ.

ಹೊರಡುವ ಮುಂಚೆ ಊರಿನ ಖಾಲಿ ಜಾಗದಲ್ಲಿ ಟ್ರೇಲರ್ ಬ್ರೇಕಿನ ಬಲವನ್ನು ಹೊಂದಿಸಿಕೊಳ್ಳಿ. 20, 25 ಮೈಲಿ ವೇಗದಲ್ಲಿ ಕೈ ಹಿಡಿಯನ್ನು ಪೂರ್ತಿ ಒತ್ತಿದರೆ ಟ್ರೇಲರ್ ಪಿಕಪ್ಪನ್ನು ಸ್ಪಷ್ಟವಾಗಿ ಹಿಂದಕ್ಕೆ ಎಳೆಯಬೇಕು, ಚಕ್ರ ಕಟ್ಟಿಕೊಂಡು ಜಾರಬಾರದು. ಭಾರ ಬದಲಾದಾಗಲೆಲ್ಲ ಮತ್ತೆ ನೋಡಿ. ಟ್ರೇಲರ್ ಟೈರುಗಳು ಸವೆಯುವುದಕ್ಕಿಂತ ಮುಂಚೆ ಮುಪ್ಪಾಗುತ್ತವೆ. ಐದಾರು ವರ್ಷ ದಾಟಿದ್ದರೆ ಎಷ್ಟೇ ಹೊಸದಾಗಿ ಕಂಡರೂ ಬದಲಿಸಿ, ಪಕ್ಕದಲ್ಲಿ ತಯಾರಾದ ವಾರ ಮತ್ತು ವರ್ಷ ನಾಲ್ಕು ಅಂಕೆಯಲ್ಲಿ ಇರುತ್ತದೆ. ವೇಗ 62, 65ರ ಮೇಲೆ ಬೇಡ. ಡೀಸೆಲ್ ಎಳೆಯುವಾಗ ಗ್ಯಾಲನ್‌ಗೆ ಹತ್ತು ಮೈಲಿ ಕೊಟ್ಟರೆ ಸಂತೋಷಪಡಿ. ಹೊಗೆ ಶುದ್ಧಿಯ ಯೂರಿಯಾ ದ್ರವ ಡಿಇಎಫ್ ಕೂಡ ಬೇಗ ಖರ್ಚಾಗುತ್ತದೆ, ಲಾರಿ ನಿಲ್ದಾಣಗಳಲ್ಲಿ ಪಂಪಿನಲ್ಲೇ ಸಿಗುತ್ತದೆ.

ಅಪ್ಪ, ಅಮ್ಮ ಟ್ರೇಲರ್ ಒಳಗೆ ಬರುವ ವಿಷಯ. ಕೆಲವು ರಾಜ್ಯಗಳು ಷರತ್ತಿನ ಮೇಲೆ ಫಿಫ್ತ್ ವೀಲ್‌ನಲ್ಲಿ ಜನ ಕೂರಲು ಬಿಡುತ್ತವೆ, ಕೆಲವು ಬಿಡುವುದಿಲ್ಲ. ಗಡಿ ದಾಟಿದಂತೆ ಕಾನೂನು ಬದಲಾಗುತ್ತದೆ. ಕಾನೂನು ಬದಿಗಿರಲಿ. ಆ ಮಂಚಕ್ಕೆ ಸೀಟ್ ಬೆಲ್ಟ್ ಇಲ್ಲ, ಗೋಡೆಗಳು ತೆಳು ಹಲಗೆ, ತಲೆಯ ಮೇಲಿನ ಗೂಡುಗಳ ತುಂಬ ಪಾತ್ರೆ. ಹಿಂದೆ ಅಮ್ಮನಿಗೆ ತಲೆ ಸುತ್ತಿದರೂ, ಬಿದ್ದರೂ ನಿಮಗೆ ಗೊತ್ತಾಗುವುದಿಲ್ಲ. ಅವರು ಪಿಕಪ್‌ನ ಹಿಂದಿನ ಸೀಟಿನಲ್ಲಿ ಬೆಲ್ಟ್ ಕಟ್ಟಿಕೊಂಡು ಬರಲಿ. ದಿನಕ್ಕೆ 250 ಮೈಲಿಗಿಂತ ಹೆಚ್ಚು ಓಡಿಸಬೇಡಿ, ಎರಡು ಗಂಟೆಗೊಮ್ಮೆ ನಿಲ್ಲಿಸಿ. ನಿಮ್ಮ ಬೆನ್ನ ಹಿಂದೆ ಇಡೀ ಮನೆಯೇ ಇದೆಯಲ್ಲ: ಯಾವ ವಿಶ್ರಾಂತಿ ತಾಣದಲ್ಲಿ ಬೇಕಾದರೂ ಬಾಗಿಲು ತೆಗೆದು ಅವರು ಒಂದು ಗಂಟೆ ಕಾಲು ಚಾಚಿ ಮಲಗಬಹುದು, ಬಿಸಿ ಅನ್ನ ಸಾರು ಮಾಡಿಕೊಂಡು ಉಣ್ಣಬಹುದು. ಯೆಲ್ಲೊಸ್ಟೋನ್ ಮುಟ್ಟಿದ ಮೇಲೆ ಟ್ರೇಲರನ್ನು ಕ್ಯಾಂಪಿನಲ್ಲೇ ಬಿಟ್ಟು ಪಿಕಪ್‌ನಲ್ಲಿ ಮಾತ್ರ ಸುತ್ತಿ. ಕ್ಯಾಂಪಿನ ಜಾಗ ಕಾಯ್ದಿರಿಸುವಾಗ ಪಿಕಪ್ ಸೇರಿ ನಿಮ್ಮ ಒಟ್ಟು ಉದ್ದ 50 ಅಡಿ ದಾಟುತ್ತದೆ ಎಂಬುದನ್ನು ಮರೆಯಬೇಡಿ, ಅಲ್ಲಿನ ಹಲವು ಜಾಗಗಳಿಗೆ ಅಷ್ಟು ಉದ್ದ ಹಿಡಿಸುವುದಿಲ್ಲ.

ಈ ವಾರವೇ ಒಂದು ಕೆಲಸ ಮಾಡಿ. ಐವರಲ್ಲಿ ಈಗ ಇರುವ ಮೂವರೂ ಕೂತು, ಟ್ಯಾಂಕ್ ತುಂಬಿಸಿ, ಹೆದ್ದಾರಿಯ ಯಾವುದಾದರೂ ಲಾರಿ ನಿಲ್ದಾಣದ ಕ್ಯಾಟ್ ಸ್ಕೇಲ್ ತೂಕದ ಹಾಸಿನ ಮೇಲೆ ಗಾಡಿ ನಿಲ್ಲಿಸಿ. ಮುಂದಿನ ಚಕ್ರ ಒಂದು ಹಾಸಿನ ಮೇಲೆ, ಹಿಂದಿನದು ಇನ್ನೊಂದರ ಮೇಲೆ ಬರಬೇಕು. ಹಾಗೆ ನಿಂತರೆ ಎರಡು ಆಕ್ಸಲ್‌ಗಳ ತೂಕ ಬೇರೆಬೇರೆಯಾಗಿ ಚೀಟಿಯಲ್ಲಿ ಬರುತ್ತದೆ. ಬಾಗಿಲ ಕಂಬದ ಮೇಲೆ ಒಟ್ಟು ತೂಕದ ಮಿತಿ, ಮುಂದಿನ ಆಕ್ಸಲ್ ಮಿತಿ, ಹಿಂದಿನ ಆಕ್ಸಲ್ ಮಿತಿ ಎಂಬ ಮೂರು ಅಂಕಿಗಳಿರುತ್ತವೆ. ಅವುಗಳನ್ನೂ ತೂಕದ ಚೀಟಿಯನ್ನೂ ನನಗೆ ಕಳುಹಿಸಿ. ನಾನು ಮೇಲೆ ಮಾಡಿದ ಲೆಕ್ಕವನ್ನು ನಿಮ್ಮ ಗಾಡಿಯ ನಿಜವಾದ ಅಂಕಿಗಳಿಂದ ಮತ್ತೊಮ್ಮೆ ಮಾಡಿ ಕೊಡುತ್ತೇನೆ. ಅಲ್ಲಿಯವರೆಗೆ ಆ ಟ್ರೇಲರ್‌ಗೆ ಮುಂಗಡ ಕೊಡಬೇಡಿ.